ಸೋಂಕು ಎಂಬ ಪದ ಮತ್ತು ಇಲಿ ಬಿದ್ದ ವರ್ಷಗಳು

2020ರ ಬೇಸಗೆಯಲ್ಲಿ ಖಾರಘರದ ನಮ್ಮ ವಸತಿ ಸಂಕೀರ್ಣದಲ್ಲಿದ್ದ ದಾದಿಯೊಬ್ಬರಿಗೆ ಲಿಫ್ಟ್ ಬಳಸಬಾರದೆಂದು ಹೇಳಲಾಯಿತು. ಅವರಿಗೆ ಕಾಯಿಲೆ ಇರಲಿಲ್ಲ. ಆಸ್ಪತ್ರೆಯಲ್ಲಿ ದುಡಿಯುತ್ತಿದ್ದರು, ಅಷ್ಟೇ. ಆ ನಿರ್ಣಯ ಕೈಗೊಂಡ ಸಭೆ ನಡೆದದ್ದು ಕಿಟಕಿ ಮುಚ್ಚಿದ ಕೋಣೆಯೊಂದರಲ್ಲಿ. ಬಾಗಿಲ ಹಿಡಿಕೆಯನ್ನು ಮೂರು ಸಲ ಒರೆಸಿ ಒಳಗೆ ಹೋದ ನಾನೂ ಆ ಸಭೆಯಲ್ಲಿದ್ದೆ, ಸುಮ್ಮನಿದ್ದೆ. ರೋಗ ಗಾಳಿಯಲ್ಲಿತ್ತು, ನಮ್ಮ ಭಯ ಮಾತ್ರ ಸ್ಪರ್ಶದಲ್ಲಿತ್ತು.

ಈ ಭಯಕ್ಕೆ ನಮ್ಮ ಪದವೂ ಒಂದಿಷ್ಟು ಇಂಬು ಕೊಡುತ್ತದೆ. ಕನ್ನಡದ 'ಸೋಂಕು' ಎಂದರೆ ಮೊದಲಿಗೆ ತಾಗುವುದು, ಮುಟ್ಟುವುದು. ಬನವಾಸಿಯನ್ನು ನೆನೆಯುವಾಗ ಪಂಪನು ತೆಂಕಣ ಗಾಳಿಗೆ ಬಳಸಿದ್ದು ಇದೇ ಕ್ರಿಯಾಪದವನ್ನು. ಅಲ್ಲಿ ಅದು ಸುಖದ ಮಾತು. 'ಅಂಟುಜಾಡ್ಯ'ದಲ್ಲಿಯೂ ಸ್ಪರ್ಶವೇ ಇದೆ. 'ಸಾಂಕ್ರಾಮಿಕ' ಮಾತ್ರ 'ಸಂಕ್ರಾಂತಿ'ಯ ಒಡಹುಟ್ಟು: ಒಂದೆಡೆಯಿಂದ ಇನ್ನೊಂದೆಡೆಗೆ ದಾಟುವಂಥದು. ಹೇಗೆ ದಾಟುತ್ತದೆ ಎಂಬುದನ್ನು ಆ ಪದ ಹೇಳುವುದಿಲ್ಲ. ಆ 'ಹೇಗೆ' ತಿಳಿಯದಿದ್ದಾಗ ಏನಾಗುತ್ತದೆಂಬುದನ್ನು ಮುಂಬಯಿ ಒಮ್ಮೆ ಕಂಡಿದೆ.

1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿ ಬಂದರಿನ ಬಳಿ ವೈದ್ಯ ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಮುಂದಿನ ವರ್ಷದ ಆರಂಭಕ್ಕೆ ಊರಿನ ಸುಮಾರು ಎಂಟು ಲಕ್ಷ ಜನರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಊರು ಬಿಟ್ಟಿದ್ದರು. ಪ್ಲೇಗಿನ ರೋಗಾಣುವನ್ನು 1894ರಲ್ಲಿಯೇ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಕಂಡುಹಿಡಿದಿದ್ದ. ಆದರೆ ಅದು ಮನುಷ್ಯನನ್ನು ತಲುಪುವ ದಾರಿ ಗೊತ್ತಿರಲಿಲ್ಲ. ಕೊಳಕಿನಿಂದ, ರೋಗಿಯಿಂದ, ಅವನ ಬಟ್ಟೆಬರೆಯಿಂದ ಎಂದು ಸರಕಾರ ನಂಬಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆಮನೆಗಳ ಶೋಧ, ರೈಲು ನಿಲ್ದಾಣಗಳಲ್ಲಿ ಮೈ ತಪಾಸಣೆ, ಬಲವಂತದ ಆಸ್ಪತ್ರೆವಾಸ ಎಲ್ಲವೂ ನಡೆದವು. ರೋಗವನ್ನು ಹಿಡಿಯಲು ಹೊರಟವರು ಮನುಷ್ಯರನ್ನು ಹಿಡಿದರು. 2020ರಲ್ಲಿ ನಮ್ಮನ್ನು ಮನೆಯೊಳಗೆ ಇರಿಸಲು ರಾಜ್ಯಗಳು ಮೊರೆಹೊಕ್ಕದ್ದು ಇದೇ ಕಾಯ್ದೆಯನ್ನು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಗೂ ಪ್ಲೇಗು ಇಳಿಯಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು; ಅದೇ ಆಗಸ್ಟ್‌ನಲ್ಲಿ ಬೆಂಗಳೂರಿಗೂ ರೋಗ ಕಾಲಿಟ್ಟಿತು. ಹಾಫ್‌ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಹಾಕಲಾಯಿತು. ಇತ್ತ ಹಳ್ಳಿಗರಿಗೆ ತಮ್ಮದೇ ಒಂದು ಸೂಚನೆ ಗೊತ್ತಿತ್ತು: ಇಲಿ ಬಿದ್ದವು ಎಂದರೆ ಊರು ಬಿಡಬೇಕು. ಮನೆಯ ಜಂತಿಯಿಂದ ಇಲಿ ಸತ್ತು ಬಿದ್ದೊಡನೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಕಾರಣ ತಿಳಿದಿರಲಿಲ್ಲ, ಕ್ರಮ ಸರಿಯಾಗಿತ್ತು.

ಕಾರಣ ಹೊಳೆದದ್ದು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನಿಗೆ, 1898ರ ಜೂನ್‌ನಲ್ಲಿ, ಕರಾಚಿಯಲ್ಲಿ. ರೋಗಪೀಡಿತ ಇಲಿ ಸತ್ತು ತಣ್ಣಗಾದೊಡನೆ ಅದರ ಮೈಮೇಲಿನ ಚಿಗಟಗಳು ಬೇರೆ ಮೈ ಹುಡುಕುತ್ತವೆ. ಅವುಗಳ ಕಡಿತದಿಂದ ರೋಗ ದಾಟುತ್ತದೆ. ಹಲವರು ನಂಬಲಿಲ್ಲ. ಮುಂದೆ ಪರೇಲ್‌ನ ಪ್ಲೇಗ್ ಪ್ರಯೋಗಶಾಲೆಯಲ್ಲಿ ನಡೆದ ಪರೀಕ್ಷೆಗಳೇ ಅದನ್ನು ಸ್ಥಿರಪಡಿಸಿದವು. ಇಂದು ನಾವು ಬೇರ್ಪಡಿಸಿ ಹೇಳುವ ಪದಗಳಿಗೆ ಇಲ್ಲಿ ಒಳ್ಳೆಯ ಉದಾಹರಣೆ ಇದೆ: ಬ್ಯಾಕ್ಟೀರಿಯವು ರೋಗಾಣು, ಇಲಿ ಅದರ ಆಶ್ರಯಜೀವಿ, ಚಿಗಟ ವಾಹಕ. ಗೆಡ್ಡೆ ಪ್ಲೇಗಿನ ರೋಗಿಯನ್ನು ಮುಟ್ಟಿದ ಮಾತ್ರಕ್ಕೆ ರೋಗ ಬರುವುದು ಅಪರೂಪ. ಶ್ವಾಸಕೋಶಕ್ಕೆ ಇಳಿದ ಪ್ಲೇಗು ಮಾತ್ರ ಕೆಮ್ಮಿನ ಹನಿಗಳಲ್ಲಿ ನೇರವಾಗಿ ದಾಟುತ್ತದೆ. ಒಂದೇ ರೋಗಕ್ಕೆ ಎರಡು ದಾರಿ, ಎರಡು ಬಗೆಯ ಎಚ್ಚರ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಲೂ ಇದೇ ಪಾಠ ಮರಳಿತು. ನಾವು ಅದನ್ನು 'ಮಂಗನ ಕಾಯಿಲೆ' ಎಂದು ಕರೆದೆವು. ಆದರೆ ವೈರಸ್ಸನ್ನು ಮನುಷ್ಯನಿಗೆ ತಲುಪಿಸುವ ವಾಹಕ ಉಣುಗು. ಮಂಗ ನಮ್ಮಂತೆಯೇ ರೋಗಕ್ಕೆ ತುತ್ತಾಗುವ ಜೀವಿ.

ಪ್ಲೇಗಿನ ಬಳಿಕ ಮುಂಬಯಿ ತನ್ನ ಇಕ್ಕಟ್ಟಿನ ಕೇರಿಗಳಿಂದ ಹೊರಗೆ ಚಾಚಿತು. 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ, ಮಾಟುಂಗಾಗಳ ಬಡಾವಣೆಗಳನ್ನು ರೂಪಿಸಿತು. ಗಾಳಿ ಬೆಳಕಿನ ಆ ಮಾಟುಂಗಾದಲ್ಲಿ ಮುಂದೆ ನಮ್ಮ ಹಿರಿಯರು ಮನೆ ಮಾಡಿದರು, ಸಂಘ ಕಟ್ಟಿದರು. ಹೊರನಾಡ ಕನ್ನಡಿಗರ ನೆಲೆಯ ಕಥೆಯಲ್ಲಿ ಇಲಿಗೂ ಚಿಗಟಕ್ಕೂ ಒಂದು ಪಾತ್ರವಿದೆ.

ಆ ದಾದಿ ಏಳನೆಯ ಮಹಡಿಯವರು. ರಾತ್ರಿ ಪಾಳಿ ಮುಗಿಸಿ ಬಂದು ಹಲವು ವಾರ ಮೆಟ್ಟಿಲು ಹತ್ತಿದರು. 'ಸೋಂಕು' ಎಂಬ ಪದವನ್ನು ಬಿಡಬೇಕಿಲ್ಲ. ಅದನ್ನು ನುಡಿಯುವ ಮುನ್ನ 'ಯಾವ ದಾರಿಯಿಂದ?' ಎಂದು ಕೇಳಬೇಕು. ಆ ಸಭೆಯಲ್ಲಿ ನಾನು ಕೇಳಬೇಕಿದ್ದ ಪ್ರಶ್ನೆಯೂ ಅದೇ.