ಮುತ್ತಿಗೆಯ ನಾಣ್ಯಗಳೂ ಅವುಗಳ ಪ್ರಾಮಾಣ್ಯವಿಚಾರವೂ

ನಾಣ್ಯವೆಂಬುದು ಅರಸನು ಪ್ರಜೆಗಳಿಗೆ ಕೊಟ್ಟ ಮಾತಿನ ಮುದ್ರೆಯು. ಶತ್ರುಸೈನ್ಯವು ಊರನ್ನು ಸುತ್ತುಗಟ್ಟಿ, ಟಂಕಸಾಲೆಯಿಂದ ಹಣವು ಬಾರದಿರುವಾಗ, ಕೋಟೆಯೊಳಗಿನ ಸಿಪಾಯಿಗಳ ಸಂಬಳಕ್ಕಾಗಿ ಅಲ್ಲಿಯೇ ಅಚ್ಚೊತ್ತಿದವುಗಳಿಗೆ ಮುತ್ತಿಗೆಯ ನಾಣ್ಯಗಳೆಂದು ಹೆಸರು. ಇವುಗಳಲ್ಲಿ ಇಂಗ್ಲೆಂಡಿನ ನ್ಯೂಆರ್ಕ್ ಪಟ್ಟಣದವು ಪ್ರಸಿದ್ಧವಾಗಿರುತ್ತವೆ.

ಒಂದನೆಯ ಚಾರ್ಲ್ಸ್ ಅರಸನಿಗೂ ಪಾರ್ಲಿಮೆಂಟಿಗೂ 1642ರಲ್ಲಿ ಯುದ್ಧವು ಪ್ರಾಪ್ತವಾಗಲು, ಟ್ರೆಂಟ್ ನದಿಯ ತೀರದ ಈ ಪಟ್ಟಣವು ಅರಸನ ಪಕ್ಷವನ್ನು ಹಿಡಿದು ಮೂರು ಸಲ ಮುತ್ತಿಗೆಯನ್ನು ಅನುಭವಿಸಿತು. 1645ರ ನವೆಂಬರಿನಲ್ಲಿ ಮೊದಲಾದ ಮೂರನೆಯ ಮುತ್ತಿಗೆಯಲ್ಲಿ ಬೆಳ್ಳಿಯ ತಟ್ಟೆಗಳನ್ನು ಕತ್ತರಿಸಿ 30, 12, 9, 6 ಪೆನ್ಸುಗಳ ನಾಣ್ಯಗಳನ್ನು ಮಾಡಿದರು. ದುಂಡಾಗಿ ಕತ್ತರಿಸಿದರೆ ಬೆಳ್ಳಿಯ ಚೂರು ಹೆಚ್ಚಾಗಿ ಉಳಿಯುವುದು. ಇವಾದರೋ ಓರೆ ಚೌಕದ ಆಕಾರದವು. ಒಂದು ಮುಖದಲ್ಲಿ ಕಿರೀಟವೂ, ಅರಸನ ಹೆಸರಿನ ಎರಡಕ್ಷರಗಳೂ, ಬೆಲೆಯ ಅಂಕೆಯೂ ಇವೆ. ಇನ್ನೊಂದರಲ್ಲಿ ಮುತ್ತಿಗೆಗೊಳಗಾದ ನ್ಯೂಆರ್ಕ್ ಎಂಬರ್ಥದ ಲ್ಯಾಟಿನ್ ಬರಹವೂ ವರ್ಷವೂ ಇವೆ.

ಕೃತ್ರಿಮ ನಾಣ್ಯವನ್ನು ಮಾಡುವವರಿಗೆ ಈ ಒರಟುತನವೇ ಆಸರೆಯಾಯಿತು. ಅಂದವಿಲ್ಲದುದನ್ನು ಅನುಕರಿಸುವುದು ಸುಲಭವಷ್ಟೆ. ಆದುದರಿಂದ ಪರೀಕ್ಷಕರು ರೂಪವೊಂದನ್ನೇ ನಂಬುವುದಿಲ್ಲ. ಆ ಕಾಲದ ಶಿಲಿಂಗಿನ ತೂಕವು ಸುಮಾರು 6 ಗ್ರಾಂ. 12 ಪೆನ್ಸಿನ ಬಿಲ್ಲೆಯು ಅದಕ್ಕೆ ತೀರ ದೂರವಾಗಿದ್ದರೆ ಸಂಶಯಾಸ್ಪದವು. ಕೆಲವು ನಾಣ್ಯಗಳಲ್ಲಿ ತಟ್ಟೆಯ ಮೊದಲಿನ ಚಿನ್ನದ ಲೇಪವೂ ರಾಜಲಾಂಛನದ ಗೆರೆಗಳೂ ಉಳಿದಿರುತ್ತವೆ. ಆದರೆ ಎರಕದ ಪ್ರತಿಗಳು ಇಂತಹ ಗುರುತನ್ನೂ ಅನುಕರಿಸಬಲ್ಲವು. ಒಂದೇ ಗೀರು, ಒಂದೇ ಸವೆತ ಹಲವು ನಾಣ್ಯಗಳಲ್ಲಿ ಕಂಡರೆ ಅವು ಒಂದೇ ಎರಕದ ಮಕ್ಕಳೆಂದು ತಿಳಿಯತಕ್ಕದ್ದು. ಏಕೆಂದರೆ ಅಚ್ಚು ಒಂದೇ ಆದರೂ ಕತ್ತರಿಸಿದ ಬೆಳ್ಳಿಯ ತುಂಡುಗಳು ಬೇರೆ ಬೇರೆಯಷ್ಟೆ.

ವರ್ಷದ ವಿಷಯದಲ್ಲಿಯೂ ದುಡುಕಬಾರದು. ಅಂದಿನ ಇಂಗ್ಲೆಂಡಿನಲ್ಲಿ ಹೊಸ ವರ್ಷವು ಮಾರ್ಚ್ 25ರಂದು ಆರಂಭವಾಗುತ್ತಿದ್ದುದರಿಂದ, ಈಗಿನ ಎಣಿಕೆಯ 1646ರ ಫೆಬ್ರುವರಿಯಲ್ಲಿ ಒತ್ತಿದ ನಾಣ್ಯದ ಮೇಲೆ 1645 ಎಂದಿರುವುದು ಸಹಜವೇ. ಪ್ರತಿಯಾಗಿ, 1648ರಲ್ಲಿ ಮುತ್ತಿಗೆಗೊಳಗಾದ ಕಾಲ್ಚೆಸ್ಟರಿನ ಹೆಸರಿನ ಚಿನ್ನದ ನಾಣ್ಯಗಳನ್ನು ವಿದ್ವಾಂಸರು ಆಮೇಲಿನವರ ಕಲ್ಪನೆಯೆಂದು ಎಣಿಸುತ್ತಾರೆ. ಊರೂ ನಿಜ, ಮುತ್ತಿಗೆಯೂ ನಿಜ. ನಾಣ್ಯ ಮಾತ್ರ ನಿಜವಲ್ಲ.

1646ರ ಮೇ ತಿಂಗಳಲ್ಲಿ ಚಾರ್ಲ್ಸನು ಸ್ಕಾಟರ ಸೈನ್ಯಕ್ಕೆ ತನ್ನನ್ನು ಒಪ್ಪಿಸಿಕೊಂಡು, ಊರನ್ನು ಬಿಟ್ಟುಕೊಡುವಂತೆ ಆಜ್ಞಾಪಿಸಿದನು. ಅರಸನ ಬಲವು ಅಡಗಿದರೂ ಬೆಳ್ಳಿಯ ಬೆಲೆಯು ಅಡಗಲಿಲ್ಲ. ಊಟದ ತಟ್ಟೆಯನ್ನೇ ಸಂಬಳವಾಗಿ ಹಂಚಿದ ಆ ಜನರ ಕಷ್ಟಕ್ಕೆ ಈ ಬಿಲ್ಲೆಗಳೇ ಸಾಕ್ಷಿಗಳು. ಸುಳ್ಳು ಸಾಕ್ಷಿಯನ್ನು ಅವುಗಳ ಸಾಲಿನಲ್ಲಿ ಕೂರಿಸಿದರೆ ಕೊಂಡವನ ಹಣಕ್ಕಿಂತ ಹೆಚ್ಚಾಗಿ ಚರಿತ್ರೆಗೇ ನಷ್ಟವು. ಆದುದರಿಂದ ಒರೆಗೆ ಹಚ್ಚಿ ನೋಡುವುದು ಅವಿಶ್ವಾಸವಲ್ಲ. ಸತ್ಯಕ್ಕೆ ಸಲ್ಲಿಸುವ ಗೌರವವೇ ಅದು.