ಕೋಷ್ಟಕ ಶೋಧ: ಗೂಗಲ್ ಸ್ಕ್ವೇರ್ಡ್ ಮತ್ತು ಅದರ ಹಿಂದುಮುಂದು

ಅಂತರಜಾಲದಲ್ಲಿ ಚದುರಿದ ಮಾಹಿತಿಯನ್ನು ಹುಡುಕಿ ತಂದು, ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿ, ಹೋಲಿಸಿ ನೋಡಲು ಅನುವು ಮಾಡಿಕೊಡುವ ವಿಧಾನವೇ ಕೋಷ್ಟಕ ಶೋಧ. ಸಾಮಾನ್ಯ ಬಳಕೆದಾರರ ಕೈಗೆ ಇದನ್ನು ಕೊಟ್ಟ ಪ್ರಯೋಗಗಳಲ್ಲಿ ಹೆಸರಾದದ್ದು ಗೂಗಲ್ ಸ್ಕ್ವೇರ್ಡ್. 2009ರ ಜೂನ್‌ನಲ್ಲಿ ಬಂದು 2011ರ ಸೆಪ್ಟೆಂಬರ್‌ನಲ್ಲಿ ನಿಂತುಹೋದ ಈ ಸಾಧನ ಕೇಳಿದ ಪ್ರಶ್ನೆ ಇಂದಿಗೂ ಮುಗಿದಿಲ್ಲ: ಕೋಷ್ಟಕದ ಮನೆಯೊಂದರಲ್ಲಿ ಕುಳಿತ ಅಂಕಿ ಎಲ್ಲಿಂದ ಬಂತು?

ಗಣಕದ ಲೋಕಕ್ಕೆ ಕೋಷ್ಟಕ ಹೊಸದಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಇಡುವ ಸಿದ್ಧಾಂತ ಕೊಟ್ಟರು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್, ಲೆಕ್ಕದ ಹಾಳೆಯನ್ನು ಪರದೆಯ ಮೇಲೆ ತಂದಿತು. ಎರಡರಲ್ಲೂ ಮನೆಗಳನ್ನು ತುಂಬುವ ಕೆಲಸ ಮನುಷ್ಯನದೇ ಆಗಿತ್ತು.

ಜಾಲತಾಣಗಳಿಂದಲೇ ಮಾಹಿತಿ ಹೆಕ್ಕಿ ಜೋಡಿಸುವ ಯತ್ನ 1990ರ ದಶಕದ ನಡುವೆ ಶುರುವಾಯಿತು. ಅದಕ್ಕೆ ಒತ್ತಾಸೆಯಾದದ್ದು ವ್ಯಾಪಾರ. ಆನಂದ್ ರಾಜಾರಾಮನ್, ವೆಂಕಿ ಹರಿನಾರಾಯಣ್, ಅಶೀಶ್ ಗುಪ್ತಾ ಮತ್ತು ರಾಕೇಶ್ ಮಾಥುರ್ 1996ರಲ್ಲಿ ಅಮೆರಿಕದಲ್ಲಿ ಕಟ್ಟಿದ ಜಂಗ್ಲೀ ಕಂಪನಿ, ಬೇರೆ ಬೇರೆ ತಾಣಗಳ ಮಾಹಿತಿಯನ್ನು ಒಂದೇ ದತ್ತಸಂಚಯದಂತೆ ಕಾಣಿಸುವ ತಂತ್ರ ರೂಪಿಸಿ ಬೆಲೆಗಳ ಹೋಲಿಕೆಗೆ ಬಳಸಿತು. 1998ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಮಾರಾಟದ ಸರಕಿಗೆ ಬೆಲೆ, ಮಾದರಿ, ತಯಾರಕ ಎಂಬ ಕಂಬಸಾಲುಗಳು ಮೊದಲೇ ಗೊತ್ತಿರುತ್ತವೆ. ನದಿಗಳು, ಕವಿಗಳು, ಕಾಯಿಲೆಗಳು ಎಂದರೆ ಯಾವ ಕಂಬಸಾಲು ಬೇಕೆಂಬುದೇ ಮೊದಲ ತೊಡಕು.

ಜಾಲದಲ್ಲಿ ಮೊದಲೇ ಇರುವ ಕೋಷ್ಟಕಗಳಲ್ಲಿ ದತ್ತಾಂಶ ಎಷ್ಟಿದೆ ಎಂಬುದರ ಅಳತೆ ಸಿಕ್ಕಿದ್ದು 2008ರಲ್ಲಿ. ಮೈಕಲ್ ಕಾಫರೆಲ್ಲಾ, ಅಲೋನ್ ಹಾಲೆವಿ ಮತ್ತು ಸಂಗಡಿಗರು ವೆಬ್‌ಟೇಬಲ್ಸ್ ಎಂಬ ಸಂಶೋಧನೆಯಲ್ಲಿ, ಗೂಗಲ್ ಸಂಗ್ರಹಿಸಿದ್ದ ಜಾಲಪುಟಗಳಿಂದ 1,410 ಕೋಟಿ ಎಚ್‌ಟಿಎಂಎಲ್ ಕೋಷ್ಟಕಗಳನ್ನು ಹೊರತೆಗೆದರು. ಅವುಗಳಲ್ಲಿ ನಿಜವಾದ ದತ್ತಾಂಶವಿದ್ದವು ಸುಮಾರು 15.4 ಕೋಟಿ ಎಂದು ಅಂದಾಜಾಯಿತು. ಅಂದರೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಪುಟದ ಅಂದಕ್ಕೆ, ಚಿತ್ರ ಮತ್ತು ಬರಹವನ್ನು ಪಕ್ಕಪಕ್ಕ ಕೂರಿಸುವುದಕ್ಕೆ ಜನ ಕೋಷ್ಟಕವನ್ನು ಬಳಸಿದ್ದರು.

2009ರ ಮೇ 12ರಂದು ಗೂಗಲ್ ಪ್ರದರ್ಶಿಸಿದ ಸ್ಕ್ವೇರ್ಡ್, ಜೂನ್ 3ರಿಂದ ಕಂಪನಿಯ ಪ್ರಯೋಗತಾಣವಾದ ಗೂಗಲ್ ಲ್ಯಾಬ್ಸ್‌ನಲ್ಲಿ ಎಲ್ಲರಿಗೂ ತೆರೆಯಿತು. ಬಳಕೆದಾರ ಒಂದು ವರ್ಗದ ಹೆಸರು ಬರೆದರೆ ಸಾಕು. ಆ ವರ್ಗಕ್ಕೆ ಸೇರುವ ವಸ್ತುಗಳು ಸಾಲಾಗಿ ಬರುತ್ತಿದ್ದವು; ಎದುರಿಗೆ ಚಿತ್ರ, ವಿವರಣೆ ಮತ್ತು ಆ ವರ್ಗಕ್ಕೆ ಒಪ್ಪುವ ಗುಣಗಳ ಕಂಬಸಾಲುಗಳು. ಬೇಡದ ಸಾಲು ತೆಗೆಯಬಹುದಿತ್ತು, ಬೇಕಾದ ಕಂಬಸಾಲಿನ ಹೆಸರು ಬರೆದರೆ ಯಂತ್ರ ಅದನ್ನು ತುಂಬಲು ಯತ್ನಿಸುತ್ತಿತ್ತು. ಬರಿದಾದ ಕೋಷ್ಟಕದಿಂದ ಆರಂಭಿಸಿ ಒಂದೊಂದೇ ಹೆಸರು ಸೇರಿಸುತ್ತ ಹೋಗುವುದೂ ಸಾಧ್ಯವಿತ್ತು.

ಅದರ ನಿಜವಾದ ಹಿರಿಮೆ ಬೇರೆಯದು. ಯಾವುದೇ ಮನೆಯನ್ನು ಒತ್ತಿದರೆ ಆ ಮಾಹಿತಿ ಬಂದ ಪುಟ ಕಾಣುತ್ತಿತ್ತು. ಇತರ ಪುಟಗಳು ಬೇರೆ ಉತ್ತರ ಹೇಳುತ್ತಿದ್ದರೆ ಅವೂ ಪಕ್ಕದಲ್ಲಿ ಬರುತ್ತಿದ್ದವು, ಸರಿಯೆನಿಸಿದ್ದನ್ನು ಆರಿಸಿಕೊಳ್ಳಬಹುದಿತ್ತು. ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಬಳಕೆದಾರರ ಮುಂದಿಟ್ಟ ಈ ವಿನ್ಯಾಸವನ್ನು ಶೋಧಸಾಧನಗಳ ಚರಿತ್ರೆಯಲ್ಲಿ ಬಹಳ ಎತ್ತರದಲ್ಲಿಡಬೇಕು.

ತಪ್ಪುಗಳು ಮಾತ್ರ ಹೇರಳವಾಗಿದ್ದವು. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಕಾವೇರಿ ಎಂದರೆ ನದಿಯೂ ಹೌದು, ವ್ಯಕ್ತಿಯ ಹೆಸರೂ ಹೌದು. ಉದ್ದವನ್ನು ಒಬ್ಬರು ಕಿಲೋಮೀಟರಿನಲ್ಲಿ ಬರೆದರೆ ಇನ್ನೊಬ್ಬರು ಮೈಲಿಯಲ್ಲಿ ಬರೆಯುತ್ತಾರೆ. ವಾಕ್ಯಗಳ ನಡುವಿನಿಂದ ಅಂಕಿಯನ್ನು ಎತ್ತಿಕೊಳ್ಳುವ ಯಂತ್ರಕ್ಕೆ ಅದು ಯಾವುದರ ಅಂಕಿ ಎಂಬುದು ಪ್ರತಿಸಲವೂ ಖಚಿತವಾಗುವುದಿಲ್ಲ. ಅದೇ 2009ರ ಮೇ ತಿಂಗಳಲ್ಲಿ ಬಂದ ವುಲ್ಫ್‌ರಮ್ ಆಲ್ಫಾ ಈ ಅಪಾಯದಿಂದ ದೂರವಿದ್ದದ್ದು, ತಜ್ಞರು ಆರಿಸಿ ಪರಿಶೀಲಿಸಿದ ದತ್ತಾಂಶವನ್ನಷ್ಟೇ ನೆಚ್ಚಿಕೊಂಡದ್ದರಿಂದ. ಜೂನ್‌ನಲ್ಲಿ ಗೂಗಲ್ಲೇ ಹೊರತಂದ ಫ್ಯೂಷನ್ ಟೇಬಲ್ಸ್ ಇನ್ನೊಂದು ದಾರಿ ಹಿಡಿಯಿತು: ಜನ ತಮ್ಮ ಕೋಷ್ಟಕಗಳನ್ನು ತಾವೇ ಏರಿಸಿ, ಪರಸ್ಪರ ಬೆಸೆದು, ನಕ್ಷೆಯ ಮೇಲೆ ಬಿಡಿಸಿ ನೋಡಬಹುದಿತ್ತು. ಪತ್ರಕರ್ತರಿಗೆ ಅಚ್ಚುಮೆಚ್ಚಾಗಿದ್ದ ಅದು 2019ರ ಡಿಸೆಂಬರ್ 3ರಂದು ಮುಚ್ಚಿತು.

ಸ್ಕ್ವೇರ್ಡ್‌ನ ತಂತ್ರವನ್ನು ಗೂಗಲ್ 2010ರಲ್ಲಿ ತನ್ನ ಮುಖ್ಯ ಶೋಧದ ಕಿರು ಉತ್ತರಗಳಿಗೆ ಬಳಸಿಕೊಂಡಿತು. ಮರುವರ್ಷ ಲ್ಯಾಬ್ಸ್ ಮುಚ್ಚುವ ನಿರ್ಧಾರವಾದಾಗ ಸ್ಕ್ವೇರ್ಡ್ ಕೂಡ ಹೋಯಿತು. 2010ರಲ್ಲಿ ಕೊಂಡಿದ್ದ ಮೆಟಾವೆಬ್ ಕಂಪನಿಯ ಫ್ರೀಬೇಸ್ ಎಂಬ ಜ್ಞಾನಭಂಡಾರವನ್ನೂ ಆಧಾರವಾಗಿಟ್ಟುಕೊಂಡು 2012ರ ಮೇ ತಿಂಗಳಲ್ಲಿ ನಾಲೆಜ್ ಗ್ರಾಫ್ ಬಂತು. ಅದು ಸಿದ್ಧ ಉತ್ತರ ಕೊಟ್ಟಿತು. ಕಂಬಸಾಲನ್ನು ತಾನೇ ಹೆಸರಿಸುವ ಸ್ವಾತಂತ್ರ್ಯ ಬಳಕೆದಾರನಿಗೆ ಉಳಿಯಲಿಲ್ಲ.

ಆ ಸ್ವಾತಂತ್ರ್ಯ ಮರಳಿದ್ದು ವಿಕಿಡೇಟಾದಿಂದ. 2012ರ ಅಕ್ಟೋಬರ್ 29ರಂದು ಆರಂಭವಾದ ಈ ಮುಕ್ತ ಯೋಜನೆಯಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಕರ್ನಾಟಕದ್ದು ಕ್ಯೂ1185. ಸಂಖ್ಯೆ ಯಾವ ಭಾಷೆಗೂ ಸೇರಿದ್ದಲ್ಲವಾದ್ದರಿಂದ, ಸ್ವಯಂಸೇವಕರು ಕನ್ನಡದ ಹೆಸರು ಸೇರಿಸಿದ ಕಡೆಯೆಲ್ಲ ಅದೇ ದತ್ತಾಂಶ ಕನ್ನಡದಲ್ಲಿ ಓದಲು ಸಿಗುತ್ತದೆ. 2015ರಲ್ಲಿ ತೆರೆದ ಅದರ ಪ್ರಶ್ನಾಸೇವೆ, ಸ್ಪಾರ್ಕಲ್ ಎಂಬ ಭಾಷೆಯಲ್ಲಿ ಕೇಳಿದ್ದಕ್ಕೆ ಕೋಷ್ಟಕವನ್ನೇ ಕಟ್ಟಿಕೊಡುತ್ತದೆ. ಪ್ರತಿ ಹೇಳಿಕೆಗೂ ಆಕರ ನಮೂದಿಸಲು ಜಾಗವಿದೆ, ಒಂದೇ ಗುಣಕ್ಕೆ ಎರಡು ಬೇರೆ ಮೌಲ್ಯಗಳನ್ನು ಇಡಲೂ ಬರುತ್ತದೆ. ಸ್ಪಾರ್ಕಲ್ ಕಲಿಯುವ ಶ್ರಮ ಮಾತ್ರ ಹಲವರನ್ನು ಹೊರಗಿಟ್ಟಿದೆ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಆಡುಮಾತಿನಲ್ಲಿ ಕೇಳಿದರೂ ಕೋಷ್ಟಕ ಸಿಗುವಂತಾಯಿತು. ಇಂಥ ಭಾಷಾ ಮಾದರಿಗಳು ಇಲ್ಲದ ಅಂಕಿಯನ್ನೂ ಸಲೀಸಾಗಿ ತುಂಬಬಲ್ಲವು. ಹೀಗಾಗಿ ಇವುಗಳ ತಯಾರಕರು ಜಾಲಶೋಧವನ್ನು ಜೋಡಿಸಿ, ಉತ್ತರದ ಜತೆಗೆ ಆಕರದ ಕೊಂಡಿಗಳನ್ನೂ ಕೊಡತೊಡಗಿದ್ದಾರೆ.