ಕೋರ್ಟಿನಿಂದ ರಂಗಕ್ಕೆ, ರಂಗದಿಂದ ಹಂಪಿಗೆ: ಎಂ.ಪಿ. ಪ್ರಕಾಶ್ ಮತ್ತು ಬಳ್ಳಾರಿ ಸೀಮೆಯ ಉತ್ಸವ ಸಂಘಟನೆ

ಕನ್ನಡದ ಕಲಾ ಇತಿಹಾಸದಲ್ಲಿ ಹಾಡಿದವರಿಗೆ, ಕುಣಿದವರಿಗೆ, ಬಣ್ಣ ಹಚ್ಚಿದವರಿಗೆ ಅಧ್ಯಾಯಗಳಿವೆ. ಅವರಿಗೆ ವೇದಿಕೆ ಕಟ್ಟಿಕೊಟ್ಟವರಿಗೆ ಸಿಗುವುದು ಹೆಚ್ಚೆಂದರೆ ವಂದನಾರ್ಪಣೆಯ ಒಂದು ಸಾಲು. ಹಂಪಿ ಉತ್ಸವದ ವಿಚಾರದಲ್ಲೂ ಹೀಗೇ ಆಗಿದೆ. ಉತ್ಸವವನ್ನು ಸರ್ಕಾರಿ ಕಾರ್ಯಕ್ರಮವೆಂದು, ಅದರ ರೂವಾರಿ ಎಂ.ಪಿ. ಪ್ರಕಾಶ್ (1940–2011) ಅವರನ್ನು ರಾಜಕಾರಣಿಯೆಂದು ಬರೆದು ಮುಗಿಸುವುದು ರೂಢಿ. ಬಳ್ಳಾರಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಕೀಲರು ಬೆಳೆಸಿದ ಹವ್ಯಾಸಿ ರಂಗಪರಂಪರೆಯ ಮುಂದುವರಿಕೆಯಾಗಿ ಈ ಉತ್ಸವವನ್ನು ನೋಡಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ವಕೀಲರ ರಂಗಭೂಮಿ

ಮದ್ರಾಸ್ ಪ್ರಾಂತದ ಬಳ್ಳಾರಿ ದಂಡಿನ ಊರು. ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ಇಲ್ಲಿ ಎರಡು ನಾಟಕ ಸಭೆಗಳು ಪೈಪೋಟಿಯ ಮೇಲೆ ಬೆಳೆದವು. ಧರ್ಮವರಂ ರಾಮಕೃಷ್ಣಮಾಚಾರ್ಯರದು (1853–1912) ಸರಸ ವಿನೋದಿನಿ ಸಭಾ. ಕೋಲಾಚಲಂ ಶ್ರೀನಿವಾಸರಾಯರದು (1854–1919) ಸುಮನೋರಮಾ ಸಭಾ. ಇಬ್ಬರೂ ನಾಟಕಕಾರರು, ಇಬ್ಬರೂ ವಕೀಲರು. ಆಚಾರ್ಯರ ಸೋದರಳಿಯ, ನಟ ಬಳ್ಳಾರಿ ರಾಘವ (1880–1946) ಕೂಡ ವಕೀಲರೇ.

ಇದು ಕಾಕತಾಳೀಯವಲ್ಲ. ಕೋರ್ಟಿನ ಸಂಪಾದನೆ ಅವರನ್ನು ಗಲ್ಲಾಪೆಟ್ಟಿಗೆಯ ಹಂಗಿನಿಂದ ಬಿಡಿಸಿತು. ವಾದಿಸಿ ಪಳಗಿದ ನಾಲಿಗೆ ಸಂಭಾಷಣೆಗೆ ಒದಗಿತು. ಕಕ್ಷಿದಾರರ, ಅಧಿಕಾರಿಗಳ, ವರ್ತಕರ ಪರಿಚಯ ಸಂಘಟನೆಗೆ ಒದಗಿತು. ಹೀಗೆ ನಾಟಕವನ್ನು ಹೊಟ್ಟೆಪಾಡಾಗಿ ನೋಡದೆ ಊರಿನ ಕೆಲಸವೆಂದು ಹೊತ್ತುಕೊಳ್ಳುವ ಒಂದು ವರ್ಗ ಬಳ್ಳಾರಿಯಲ್ಲಿ ಹುಟ್ಟಿತು.

ಹಂಪಿಯೂ ಈ ರಂಗದ ಮೇಲೆ ಬಹಳ ಹಿಂದೆಯೇ ಬಂದಿತ್ತು. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೀವೆಲ್ ವಿಜಯನಗರದ ಚರಿತ್ರೆಯನ್ನು 1900ರಲ್ಲಿ ಪ್ರಕಟಿಸಿದರು. ಶ್ರೀನಿವಾಸರಾಯರು 1565ರ ಯುದ್ಧವನ್ನೂ ಅಳಿಯ ರಾಮರಾಯನ ಪತನವನ್ನೂ ವಸ್ತುವಾಗಿಸಿ ‘ರಾಮರಾಜು ಚರಿತ್ರಮು’ ನಾಟಕ ಬರೆದರು. ಅದರಲ್ಲಿ ಪಠಾಣ ರುಸ್ತುಂ ರಾಘವರ ಹೆಸರಾಂತ ಪಾತ್ರ. ಬಳ್ಳಾರಿಯ ಸಭಿಕರು ಹಾಳು ಹಂಪಿಯ ದುಃಖವನ್ನು ಮೊದಲು ಅನುಭವಿಸಿದ್ದು ದೀಪದ ಬೆಳಕಿನ ರಂಗದಲ್ಲಿ ಎನ್ನಬಹುದು.

ಏಕೀಕರಣದ ನಂತರ

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮಕ್ಕೆ ಹಾಕಿದ್ದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ವಿಲೀನದ ವಿರೋಧಿಗಳ ದಾಳಿಗೆ ಬಲಿಯಾದರು. ಒಂದು ಸಮಾರಂಭದ ಚಪ್ಪರವನ್ನು ಕಾಯುತ್ತ ಒಬ್ಬರು ಪ್ರಾಣ ಕೊಟ್ಟ ಊರಿನಲ್ಲಿ ಉತ್ಸವವೆಂಬುದು ಬರೀ ಮನರಂಜನೆಯಾಗಿ ಉಳಿಯಲಾರದು. ಮುಂದಿನ ದಶಕಗಳಲ್ಲಿ ಗಮಕಿ, ನಟ ಜೋಳದರಾಶಿ ದೊಡ್ಡನಗೌಡರು (1910–1994), ರಂಗಗಾಯಕಿ ಸುಭದ್ರಮ್ಮ ಮನ್ಸೂರು, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ, ಬುರ್ರಕಥೆಯ ದರೋಜಿ ಈರಮ್ಮ ಈ ಸೀಮೆಯ ಕಲೆಗೆ ನಾಡಿನಾಚೆಗೂ ಹೆಸರು ತಂದರು. ಕಲಾವಿದರಿಗೆ ಕೊರತೆಯಿರಲಿಲ್ಲ, ಇಷ್ಟೂ ಬಗೆಯವರನ್ನು ಒಂದೆಡೆ ಕೂಡಿಸುವ ಸಂದರ್ಭ ಬೇಕಿತ್ತು.

ಹಡಗಲಿಯ ಸಂಘಟಕ

ಪ್ರಕಾಶ್ ಹೂವಿನಹಡಗಲಿಯಲ್ಲಿ ವಕೀಲಿ ನಡೆಸಿದವರು. ಅಲ್ಲಿನ ನಾಟಕ ಸಂಸ್ಥೆ ‘ರಂಗಭಾರತಿ’ ಅವರ ಕನಸಿನ ಕೂಸು. ಮಲ್ಲಿಗೆಗೆ ಹೆಸರಾದ ತಾಲ್ಲೂಕು ಕೇಂದ್ರವೊಂದರಲ್ಲಿ ಆಧುನಿಕ ಕನ್ನಡ ನಾಟಕಕ್ಕೆ ಪ್ರೇಕ್ಷಕರನ್ನು ಬೆಳೆಸುವುದು ಸುಲಭದ ಮಾತಲ್ಲ. ನಾಟಕ ಆರಿಸಬೇಕು, ತಾಲೀಮಿಗೆ ಜಾಗ ನೋಡಬೇಕು, ಚಂದಾ ಎತ್ತಬೇಕು, ಮೈಕು-ದೀಪ ಹೊಂದಿಸಬೇಕು, ಬಂದ ತಂಡಕ್ಕೆ ಊಟ-ವಸತಿ ಒದಗಿಸಬೇಕು. ಸಂಘಟನೆಯ ಈ ಒಳಪಾಠ ರಂಗಭಾರತಿಯಲ್ಲೇ ಆಯಿತು.

1983ರಲ್ಲಿ ಹಡಗಲಿಯಿಂದ ಶಾಸಕರಾಗಿ ರಾಮಕೃಷ್ಣ ಹೆಗಡೆ ಅವರ ಸಂಪುಟ ಸೇರಿದ ಪ್ರಕಾಶ್, ಸಂಸ್ಕೃತಿ ಖಾತೆಯ ಹೊಣೆಯಲ್ಲಿದ್ದಾಗ ಹಂಪಿ ಉತ್ಸವಕ್ಕೆ ಚಾಲನೆ ಕೊಟ್ಟರು. ಅದೇ ದಶಕದಲ್ಲಿ, 1986ರಲ್ಲಿ, ಹಂಪಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಮಹಾನವಮಿಯ ವೈಭವವನ್ನು ಸವಿಸ್ತಾರವಾಗಿ ವರ್ಣಿಸಿದ್ದಾನೆ. ಆ ಹಬ್ಬದ ನಡುವೆ ಅರಸನಿದ್ದ. ಹೊಸ ಉತ್ಸವದಲ್ಲಿ ಆ ಜಾಗ ಜನರದಾಯಿತು. ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕಗಳ ಜೊತೆಗೆ ಡೊಳ್ಳು, ನಂದಿಕೋಲು, ಹಗಲುವೇಷಗಳೂ ಒಂದೇ ಬಯಲಿಗೆ ಬಂದವು. ಕೋಲಾಚಲಂ ವಿಜಯನಗರವನ್ನು ರಂಗಕ್ಕೆ ತಂದಿದ್ದರು. ಪ್ರಕಾಶ್ ರಂಗವನ್ನೇ ವಿಜಯನಗರಕ್ಕೆ ಒಯ್ದರು.

ಒಂದು ಹೋಲಿಕೆ

ಅಮೆರಿಕದ ಬ್ಲೂಗ್ರಾಸ್ ಸಂಗೀತದ ಚರಿತ್ರೆಯಲ್ಲಿ ಕಾರ್ಲ್‌ಟನ್ ಹೇನಿ ಎಂಬ ಸಂಘಟಕನಿಗೆ ಖಚಿತವಾದ ಸ್ಥಾನವಿದೆ. 1965ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾದ ಫಿನ್‌ಕ್ಯಾಸಲ್ ಬಳಿ ಆತ ಹಲವು ದಿನಗಳ ಬ್ಲೂಗ್ರಾಸ್ ಉತ್ಸವ ನಡೆಸಿದ. ಬ್ಲೂಗ್ರಾಸ್‌ನ ಮೂಲಪುರುಷ ಬಿಲ್ ಮನ್ರೋ ತಂಡದಲ್ಲಿ ಹಿಂದೆ ನುಡಿಸಿದ್ದವರನ್ನು ಮತ್ತೆ ಆತನ ಪಕ್ಕ ನಿಲ್ಲಿಸಿ, ಆ ಸಂಗೀತದ ಕಥೆಯನ್ನು ವೇದಿಕೆಯ ಮೇಲೆಯೇ ಹೇಳಿಸಿದ. ಸಂಗೀತ ಮೊದಲೇ ಇತ್ತು. ತನಗೊಂದು ಇತಿಹಾಸವಿದೆ ಎಂಬ ಅರಿವು ಅದಕ್ಕೆ ಮೂಡಿದ್ದು ಉತ್ಸವದಿಂದ. ಸ್ವಂತ ಹಣ ಹೂಡಿದ ಹೇನಿಗೂ ಸರ್ಕಾರದ ಬೊಕ್ಕಸವಿದ್ದ ಪ್ರಕಾಶರಿಗೂ ವ್ಯತ್ಯಾಸ ದೊಡ್ಡದು. ಆದರೆ ಚದುರಿದ ಕಲೆಯನ್ನು ಒಂದು ಸ್ಥಳಕ್ಕೆ ತಂದು ಅದರ ಚರಿತ್ರೆಯನ್ನು ಜನರ ಕಣ್ಣೆದುರು ನಿಲ್ಲಿಸಿದ್ದು ಇಬ್ಬರ ಸಾಧನೆಯೂ ಹೌದು.

ಮೌಲ್ಯಮಾಪನ

ಸರ್ಕಾರದ ಆಶ್ರಯ ಉತ್ಸವಕ್ಕೆ ಗಾತ್ರ ಕೊಟ್ಟಿತು, ಅವಲಂಬನೆಯನ್ನೂ ತಂದಿತು. ಹಿಂದೆ ನವೆಂಬರಿನ ಮೊದಲ ವಾರ ಎಂದು ಜನ ನೆನಪಿಟ್ಟಿದ್ದ ದಿನಾಂಕ ಈಗ ಜನವರಿ, ಫೆಬ್ರುವರಿಗಳಿಗೆ ಸರಿಯುತ್ತಿದೆ. ಬರದ ಕಾರಣಕ್ಕೆ 2018ರ ಉತ್ಸವ 2019ರ ಮಾರ್ಚ್‌ಗೆ ಹೋಯಿತು. ಸಭೆಗಳ ಕಾಲದಲ್ಲಿ ಊರಿನವರೇ ಹೊರುತ್ತಿದ್ದ ಹೊಣೆ ಕಚೇರಿಯ ಕಡತಕ್ಕೆ ಸೇರಿದ್ದರ ಫಲ ಇದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರ್ಪಟ್ಟಾಗ ಹಂಪಿ, ಹಡಗಲಿ ಎರಡೂ ಆ ಕಡೆ ಹೋದವು. 2023ರ ಜನವರಿಯಲ್ಲಿ ಬಳ್ಳಾರಿ ತನ್ನದೇ ‘ಬಳ್ಳಾರಿ ಉತ್ಸವ’ ಆಚರಿಸಿತು. ಜಿಲ್ಲೆಗೊಂದು ಉತ್ಸವ ಬಂದಿದೆ; ಅದನ್ನು ತಾಲೀಮಿನ ಮನೆಯಿಂದ ಬಲ್ಲ ಸಂಘಟಕರು ಬೇಕಾಗಿದ್ದಾರೆ. ಪ್ರಕಾಶರ ಬದುಕಿನಿಂದ ಕಲಿಯಬೇಕಾದ ಮುಖ್ಯ ಪಾಠ ಅದೇ: ಸಚಿವಗಿರಿ ಅವರ ಕೈಗೆ ಸಾಧನ ಕೊಟ್ಟಿತು, ದೃಷ್ಟಿ ಕೊಟ್ಟಿದ್ದು ರಂಗಭಾರತಿ.

ಈ ಚರಿತ್ರೆಯ ಆಕರಗಳು ಇನ್ನೂ ಮನೆಗಳಲ್ಲಿವೆ. ಬಳ್ಳಾರಿಯ ಗಾಂಧಿನಗರ, ಬ್ರೂಸ್‌ಪೇಟೆ, ಕೌಲ್‌ಬಜಾರ್‌ಗಳಲ್ಲಿ, ಸಿರುಗುಪ್ಪ, ಕುರುಗೋಡು, ಹಡಗಲಿಗಳಲ್ಲಿ ಹಳೆಯ ನಾಟಕದ ಕರಪತ್ರ, ಆಹ್ವಾನ ಪತ್ರಿಕೆ, ಜಮಾಖರ್ಚಿನ ಪುಸ್ತಕ, ಫೋಟೊ ಇಟ್ಟುಕೊಂಡವರು ಅವನ್ನು ರದ್ದಿಗೆ ಹಾಕಬಾರದು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕಲಾ ಸಂಘಟಕರಿಗಾಗಿಯೇ ಒಂದು ದಾಖಲೆ ಸಂಗ್ರಹವನ್ನು ತೆರೆಯಬೇಕು.